ಮೂರನೇ ಮನೆ: ನ್ಯೂನೆನ್‌ನಲ್ಲಿ ನಾವು ಮನೆ ಕೊಂಡಿದ್ದು

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆರು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಮೂರನೇ ಮಹಡಿ. ಮಗಳು ಓಡಾಡಲು ಕಲಿತ ಮೇಲೆ, ಕೆಳಗಿನ ಮನೆಯವರಿಗೆ ಸದ್ದಾಗುತ್ತದೆ ಅಂತ ಅವಳನ್ನು ದಿನಕ್ಕೆ ಹತ್ತು ಸಲ ಗದರುತ್ತಿದ್ದೆವು. 2024ರ ಜನವರಿಯಲ್ಲಿ ಒಂದು ಸಂಜೆ ನೋಡಿದರೆ, ಯಾರೂ ಹೇಳದೆಯೇ ಅವಳು ತುದಿಗಾಲಲ್ಲಿ ನಡೆಯುತ್ತಿದ್ದಳು. ಅವತ್ತು ರಾತ್ರಿ ನಾನು, ನನ್ನ ಹೆಂಡತಿ ಕೂತು ಮಾತಾಡಿ ಸ್ವಂತ ಮನೆ ಹುಡುಕಲು ಶುರು ಮಾಡಿದೆವು.

ನ್ಯೂನೆನ್ ನಮಗೆ ಗೊತ್ತಿದ್ದ ಹಳ್ಳಿ. ಐಂಡ್‌ಹೋವನ್‌ನಿಂದ ಸೈಕಲ್‌ನಲ್ಲಿ ಅರ್ಧ ಗಂಟೆ. ವಿನ್ಸೆಂಟ್ ವ್ಯಾನ್ ಗೋ 1883ರ ಡಿಸೆಂಬರ್‌ನಿಂದ ಸುಮಾರು ಎರಡು ವರ್ಷ ಇಲ್ಲೇ ಇದ್ದ. ಅವನ ಅಪ್ಪ ಇಲ್ಲಿನ ಚರ್ಚಿನ ಪಾದ್ರಿ. ಆಲೂಗಡ್ಡೆ ತಿನ್ನುವ ಬಡ ರೈತರ ಆ ಪ್ರಸಿದ್ಧ ಚಿತ್ರವನ್ನು 1885ರಲ್ಲಿ ಬರೆದದ್ದು ಇಲ್ಲಿಯೇ. ಆ ಪಾದ್ರಿಯ ಮನೆ, ಪುಟ್ಟ ಚರ್ಚು, ಓಪ್‌ವೆಟನ್‌ನ ನೀರಿನ ಗಿರಣಿ ಇವತ್ತಿಗೂ ಇವೆ. ಗಿರಣಿಯ ಹತ್ತಿರ ಒಂದು ಸೈಕಲ್ ದಾರಿ ಇದೆ. 2014ರಲ್ಲಿ ಮಾಡಿದ್ದು. ಕತ್ತಲಾದ ಮೇಲೆ ದಾರಿಯಲ್ಲಿ ಹುದುಗಿಸಿದ ಸಾವಿರಾರು ಚುಕ್ಕಿಗಳು ಹಸಿರು-ನೀಲಿಯಾಗಿ ಹೊಳೆಯುತ್ತವೆ. ಮಗಳನ್ನು ಅದನ್ನು ನೋಡಲು ಕರೆದುಕೊಂಡು ಹೋಗುತ್ತಿದ್ದೆವು. ವಾಪಸ್ ಬರುವಾಗ ಅಲ್ಲಿನ ಮನೆಗಳ ಮುಂದಿನ ಕೈತೋಟ, ಬೇಲಿ, ಕಿಟಕಿಯಲ್ಲಿಟ್ಟ ದೀಪ ನೋಡುತ್ತಾ ನಿಧಾನವಾಗಿ ಸೈಕಲ್ ತುಳಿಯುತ್ತಿದ್ದೆವು.

ಇಲ್ಲಿ ಮನೆ ಹುಡುಕುವುದು ಅಂದರೆ ಹೆಚ್ಚಾಗಿ ಫುಂಡಾ ಅನ್ನುವ ಜಾಲತಾಣ. ಒಳ್ಳೆಯ ಮನೆ ಬಂದರೆ ಅದೇ ವಾರ ನೋಡಲು ಹೋಗಬೇಕು. ನೋಡಲು ಕೊಡುವುದು ಇಪ್ಪತ್ತು ನಿಮಿಷ. ನಾವು ಹೊರಗೆ ಬರುವಾಗ ಮುಂದಿನ ಜೋಡಿ ಬಾಗಿಲಲ್ಲಿ ನಿಂತಿರುತ್ತದೆ. ಆಮೇಲೆ ಒಂದು ದಿನ, ಒಂದು ಗಂಟೆ ಗೊತ್ತುಮಾಡುತ್ತಾರೆ. ಅಷ್ಟರೊಳಗೆ ನಿಮ್ಮ ಬೆಲೆ ಬರೆದು ಕಳಿಸಬೇಕು. ಬೇರೆಯವರು ಎಷ್ಟು ಬರೆದಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಚೌಕಾಸಿ ಮಾಡಿ ಬೆಳೆದ ನಮ್ಮಂಥವರಿಗೆ ಇದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಮೊದಲ ಮನೆಗೆ ಕೇಳಿದ ಬೆಲೆಗಿಂತ 30 ಸಾವಿರ ಯುರೋ ಜಾಸ್ತಿ ಬರೆದೆವು. ಸಿಗಲಿಲ್ಲ. ಮಾರುವವರ ಏಜೆಂಟ್ ಒಂದೇ ಸಾಲಿನ ಮೇಲ್ ಕಳಿಸಿದರು. ಹೆಂಡತಿ ಆಗಲೇ ಆ ಮನೆಯ ಅಡುಗೆಮನೆಯಲ್ಲಿ ಮಿಕ್ಸಿ ಎಲ್ಲಿಡಬೇಕು ಅಂತ ಮನಸ್ಸಿನಲ್ಲೇ ಜಾಗ ಮಾಡಿದ್ದಳು. ಎರಡು ದಿನ ಮನೆಯಲ್ಲಿ ಮಾತೇ ಇರಲಿಲ್ಲ.

ಆಫೀಸಿನಲ್ಲಿ ಹಲವರು ಹೇಳಿದ್ದು ಒಂದೇ. “ಷರತ್ತು ಹಾಕಬೇಡಿ. ಷರತ್ತಿಲ್ಲದೆ ಬರೆದವರಿಗೇ ಮನೆ ಸಿಗೋದು.” ಈ ಷರತ್ತುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮನ್ನು ಉಳಿಸಿದ್ದು ಅವೇ.

ಇಲ್ಲಿ ಮನೆಯ ಒಪ್ಪಂದ ಬರಹದಲ್ಲೇ ಆಗಬೇಕು. ಎರಡೂ ಕಡೆ ಸಹಿಯಾದ ಪ್ರತಿ ಕೈಗೆ ಬಂದ ಮೇಲೆ ಕೊಳ್ಳುವವರಿಗೆ ಮೂರು ದಿನ ಯೋಚಿಸಲು ಕಾನೂನೇ ಕೊಡುತ್ತದೆ. ಬೆಡೆಂಕ್‌ಟೈಡ್ ಅನ್ನುತ್ತಾರೆ. ಆ ಮೂರು ದಿನದಲ್ಲಿ ಕಾರಣ ಹೇಳದೆ, ದಂಡ ಕಟ್ಟದೆ ಹಿಂದೆ ಸರಿಯಬಹುದು. ಅದಾದ ಮೇಲೆ ಸರಿದರೆ ಸಾಮಾನ್ಯವಾಗಿ ಮನೆ ಬೆಲೆಯ 10 ಪರ್ಸೆಂಟ್ ದಂಡ. ಇದರಿಂದ ಕಾಪಾಡುವುದು ನೀವು ಒಪ್ಪಂದದಲ್ಲಿ ಬರೆಸಿದ ಷರತ್ತುಗಳು. ಮುಖ್ಯವಾದವು ಎರಡು: ಸಾಲ ಸಿಗದಿದ್ದರೆ ಒಪ್ಪಂದ ರದ್ದು, ಮತ್ತು ಮನೆಯ ತಪಾಸಣೆಯಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ರಿಪೇರಿ ಖರ್ಚು ಕಂಡರೆ ರದ್ದು. ಷರತ್ತು ಬಿಡಿ ಅಂದರೆ ಈ ಎರಡು ಬಾಗಿಲನ್ನೂ ನೀವೇ ಮುಚ್ಚಿಕೊಳ್ಳಿ ಅಂತ.

ಅಪ್ಪ ಮಲೆನಾಡಿನ ಸಾಗರ ಊರಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡನೇ ಮನೆಯನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಬಾಗಿಲು ಯಾವ ದಿಕ್ಕಿಗೆ ಅಂತ ಕೇಳಿದರು. ಅಪ್ಪ ಕೇಳಿದ್ದು ಬೇರೆ. “ಮಳೆ ಬಂದ ಮೇಲೆ ನೀರು ಎಲ್ಲಿಗೆ ಹೋಗ್ತದೆ? ಅದನ್ನ ನೋಡ್ಕೋ ಮೊದ್ಲು.” ಅಷ್ಟು ಮಳೆ ಕಂಡವರ ಪ್ರಶ್ನೆ. ನಾನು ಗೋಡೆ, ಟೈಲ್ಸ್, ಬಿಸಿಲು ನೋಡುತ್ತಿದ್ದೆ. ನೀರಿನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಆ ಮನೆ ನಮಗೆ ಸಿಕ್ಕಿತು. ತಪಾಸಣೆಯ ಷರತ್ತು ಇಟ್ಟುಕೊಂಡಿದ್ದೆವು, 10 ಸಾವಿರ ಯುರೋ ಮಿತಿ. ತಪಾಸಣೆಗೆ ಬಂದವರಿಗೆ ಅಪ್ಪನ ಪ್ರಶ್ನೆಯನ್ನೇ ಕೇಳಿದೆ. ಅವರು ಮುಂಬಾಗಿಲ ಹತ್ತಿರ ಚಾಪೆ ಸರಿಸಿ ನೆಲದಲ್ಲಿದ್ದ ಒಂದು ಮುಚ್ಚಳ ತೆಗೆದರು. ಇಲ್ಲಿನ ಹಳೆಯ ಮನೆಗಳ ನೆಲದ ಕೆಳಗೆ, ತೆವಳಿಕೊಂಡು ಹೋಗುವಷ್ಟು ಜಾಗ ಇರುತ್ತದೆ. ಟಾರ್ಚ್ ಹಿಡಿದು ಅದರೊಳಗೆ ಇಳಿದರು. ಹೊರಗೆ ಬಂದಾಗ ಮೊಣಕಾಲು ಒದ್ದೆ. ಕೆಳಗೆ ನೀರು ನಿಂತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಕಾಂಕ್ರೀಟ್ ನೆಲದ ಅಡಿಭಾಗದ್ದು. 1960, 70ರ ದಶಕಗಳಲ್ಲಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕೆಲವು ಬಗೆಯ ನೆಲದ ತುಂಡುಗಳಿಗೆ, ಬೇಗ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುತ್ತಿದ್ದರು. ತೇವ ಸೇರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಸೀಳುತ್ತದೆ. ಬೆಟೋನ್‌ರೋಟ್ ಅಂತ ಹೆಸರು. ಹಿತ್ತಲಿನ ಶೆಡ್ಡಿನ ಛಾವಣಿಯ ಶೀಟು ಬೇರೆ ಆಸ್ಬೆಸ್ಟಾಸ್. ಇಲ್ಲಿ 1993ರಲ್ಲಿ ಅದನ್ನು ನಿಷೇಧಿಸಿದರು, ಆದರೆ ಅದಕ್ಕೂ ಹಳೆಯ ಮನೆಗಳಲ್ಲಿ ಇನ್ನೂ ಇದೆ. ಮಿತಿ ದಾಟಿ ಖರ್ಚು ಬಂತು. ಪತ್ರ ಬರೆದು ಒಪ್ಪಂದ ರದ್ದು ಮಾಡಿದೆವು. ತಪಾಸಣೆಗೆ ಕೊಟ್ಟ 500 ಯುರೋ ಹೋಯಿತು. ನಾನು ಈ ದೇಶದಲ್ಲಿ ಖರ್ಚು ಮಾಡಿದ ಅತ್ಯಂತ ಒಳ್ಳೆಯ 500 ಯುರೋ ಅದು.

ಮೂರನೇ ಮನೆ ಮೇ ತಿಂಗಳಲ್ಲಿ ಬಂತು. 1974ರಲ್ಲಿ ಕಟ್ಟಿದ, ಸಾಲಿನ ಕೊನೆಯ ಮನೆ. ಕೇಳಿದ ಬೆಲೆ 4 ಲಕ್ಷದ 60 ಸಾವಿರ. ಒಂದೇ ದಂಪತಿ ಅಲ್ಲಿ ನಲವತ್ತು ವರ್ಷ ಇದ್ದರು. ಈಗ ಮೆಟ್ಟಿಲು ಹತ್ತಲಾಗದೆ ಫ್ಲ್ಯಾಟ್‌ಗೆ ಹೋಗುವವರು. ಈ ಸಲ ನಾವು ನಮ್ಮ ಪರವಾಗಿ ಒಬ್ಬ ಏಜೆಂಟ್ ಇಟ್ಟುಕೊಂಡಿದ್ದೆವು. ಕೊಳ್ಳುವವರ ಕಡೆಯ ಏಜೆಂಟ್‌ಗೆ ಇಲ್ಲಿ ಆನ್‌ಕೋಪ್‌ಮಾಕೆಲಾರ್ ಅನ್ನುತ್ತಾರೆ. ಅವರು ಆ ದಂಪತಿಗೆ ಎಲ್ಲರೂ ಕೇಳುವ ಪ್ರಶ್ನೆ ಬಿಟ್ಟು ಇನ್ನೊಂದು ಕೇಳಿದರು. “ನಿಮಗೆ ಯಾವಾಗ ಹೊರಡೋದು ಅನುಕೂಲ?” ಆ ಅಜ್ಜಿ ಹೇಳಿದ್ದು, ಹೊಸ ಫ್ಲ್ಯಾಟ್ ಡಿಸೆಂಬರ್‌ಗೆ ಸಿದ್ಧವಾಗುತ್ತದೆ, ನಡುವೆ ಎರಡು ಸಲ ಸಾಮಾನು ಸಾಗಿಸಲು ಭಯ ಅಂತ.

ನಮಗೆ ಡಿಸೆಂಬರ್ ಅಂದರೆ ನಷ್ಟ. ತಾವೇ ಇರಲು ಮನೆ ಕೊಂಡಾಗ ಇಲ್ಲಿ ಬೆಲೆಯ 2 ಪರ್ಸೆಂಟ್ ವರ್ಗಾವಣೆ ತೆರಿಗೆ ಕಟ್ಟಬೇಕು. ಆದರೆ ಕೊಳ್ಳುವವರಿಗೆ ವಯಸ್ಸು 35 ತುಂಬಿರದಿದ್ದರೆ, ಮನೆಯ ಬೆಲೆಯೂ ಒಂದು ಮಿತಿಯೊಳಗಿದ್ದರೆ, ಒಂದು ಸಲ ಮಾತ್ರ ತೆರಿಗೆ ಇಲ್ಲ. 2024ರಲ್ಲಿ ಆ ಮಿತಿ 5 ಲಕ್ಷದ 10 ಸಾವಿರ. ಗಂಡ ಹೆಂಡತಿ ಸೇರಿ ಕೊಂಡರೆ ಅವರವರ ಪಾಲಿಗೆ ಅವರವರ ವಯಸ್ಸು. ಲೆಕ್ಕ ಹಿಡಿಯುವುದು ನೋಟರಿ ಮುಂದೆ ಮನೆ ಕೈ ಬದಲಾಗುವ ದಿನ. ನನಗೆ 35 ದಾಟಿತ್ತು. ಹೆಂಡತಿಗೆ ಅಕ್ಟೋಬರ್‌ನಲ್ಲಿ ತುಂಬುತ್ತಿತ್ತು. ಅವಳ ಹುಟ್ಟುಹಬ್ಬಕ್ಕೆ ಮುಂಚೆ ನೋಂದಣಿಯಾದರೆ ಅವಳ ಅರ್ಧ ಪಾಲಿನ ತೆರಿಗೆ, ಹತ್ತಿರಹತ್ತಿರ 4,800 ಯುರೋ, ಉಳಿಯುತ್ತಿತ್ತು.

ರಾತ್ರಿ ತುಂಬಾ ಹೊತ್ತು ಲೆಕ್ಕ ಹಾಕಿದೆವು. ಕೊನೆಗೆ ಹೆಂಡತಿಯೇ ಹೇಳಿದಳು, “ಬೆಲೆಗೆ ಇನ್ನೂ 20 ಸಾವಿರ ಸೇರಿಸೋ ಬದ್ಲು ಅವರಿಗೆ ಬೇಕಾದ ತಿಂಗಳು ಕೊಡೋಣ.” 4 ಲಕ್ಷದ 78 ಸಾವಿರ ಬರೆದೆವು. ಡಿಸೆಂಬರ್ ಅಂತ ಬರೆದೆವು. ಎರಡು ಷರತ್ತೂ ಇಟ್ಟುಕೊಂಡೆವು. ಜೊತೆಗೆ ಮಗಳ ಬಗ್ಗೆ, ಹಿತ್ತಲಿನ ಪಿಯರ್ ಹಣ್ಣಿನ ಮರದ ಬಗ್ಗೆ ಒಂದು ಪುಟದ ಕಾಗದ. ಮನೆ ನಮಗೆ ಬಂತು. ನಮಗಿಂತ ಹೆಚ್ಚು ಬರೆದವರಿದ್ದರು ಅಂತ ಆ ಅಜ್ಜಿಯೇ ಆಮೇಲೆ ಹೇಳಿದರು. ಅವರೆಲ್ಲ ಎರಡು ತಿಂಗಳಲ್ಲಿ ಬೀಗದ ಕೈ ಕೇಳಿದ್ದರಂತೆ.

ಸಾಲದ ಕೆಲಸ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಸಾಲ ಕೊಡಿಸುವ ಸಲಹೆಗಾರರೇ ಎಲ್ಲ ನೋಡಿಕೊಂಡರು. ಇಬ್ಬರ ಸಂಬಳ, ಕಂಪನಿಯ ಪತ್ರ, ಬೇರೆ ಸಾಲ ಇದೆಯಾ ಅನ್ನುವ ವಿಚಾರಣೆ, ಅಷ್ಟೆ. ಇಲ್ಲಿ ಮನೆ ಮೌಲ್ಯದ ಪೂರ್ತಿ 100 ಪರ್ಸೆಂಟ್ ಸಾಲ ಸಿಗುತ್ತದೆ. ಆದರೆ ಮೌಲ್ಯ ಅಂದರೆ ನೀವು ಒಪ್ಪಿದ ಬೆಲೆ ಅಲ್ಲ, ಮೌಲ್ಯಮಾಪಕರು ಬರೆದದ್ದು. ನಮ್ಮ ಮನೆಗೆ ಅವರು ಬರೆದದ್ದು 4 ಲಕ್ಷದ 70 ಸಾವಿರ. ಉಳಿದ 8 ಸಾವಿರ ಕೈಯಿಂದ. ತೆರಿಗೆ, ನೋಟರಿ, ಏಜೆಂಟ್, ಸಲಹೆಗಾರರು, ಮೌಲ್ಯಮಾಪನ, ತಪಾಸಣೆ ಎಲ್ಲ ಸೇರಿ ಇನ್ನೊಂದು 20 ಸಾವಿರ. ಇವಕ್ಕೆ ಸಾಲ ಸಿಗುವುದಿಲ್ಲ. ಹಾಗಾಗಿ ಪೂರ್ತಿ ಸಾಲ ಸಿಗುತ್ತದಲ್ಲ ಅಂತ ಉಳಿತಾಯವಿಲ್ಲದೆ ಹೊರಡಬೇಡಿ. ತಡವಾಗಿ ಮನೆ ಪಡೆಯುವವರು ಬ್ಯಾಂಕಿನ ಆಫರ್ ಯಾವಾಗ ಮುಗಿಯುತ್ತದೆ ಅಂತಲೂ ನೋಡಿ. ನಮ್ಮದು ಮೊದಲೇ ಮುಗಿಯುತ್ತಿತ್ತು, ಮುಂದುವರಿಸಲು ಶುಲ್ಕ ಕಟ್ಟಿದೆವು.

ನೋಟರಿ ಆಫೀಸಿನಲ್ಲಿ ಒಬ್ಬ ಭಾಷಾಂತರಕಾರರು ಇದ್ದರು. ಓದುವುದೆಲ್ಲ ಡಚ್ ಭಾಷೆಯಲ್ಲಿ. ಅರ್ಥವಾಗದವರು ಸಹಿ ಹಾಕುವ ಹಾಗಿಲ್ಲ. ನನಗೆ ಈ ನಿಯಮ ತುಂಬಾ ಹಿಡಿಸಿತು. ಅದಕ್ಕೂ ಮುಂಚೆ ಬೆಳಿಗ್ಗೆ ಕೊನೆಯ ಸಲ ಮನೆ ನೋಡುವ ಪದ್ಧತಿ. ಖಾಲಿ ಮನೆಯಲ್ಲಿ ಆ ದಂಪತಿ ನಮ್ಮನ್ನು ಕೋಣೆ ಕೋಣೆಗೂ ಕರೆದುಕೊಂಡು ಹೋದರು. ಮೀಟರ್ ನಂಬರ್ ಬರೆದುಕೊಂಡೆವು. ಯಾವ ವಾರ ಹಸಿ ಕಸ, ಯಾವ ವಾರ ಪೇಪರ್ ಅಂತ ಅಜ್ಜಿ ಒಂದು ಚೀಟಿಯಲ್ಲಿ ಬರೆದು ಮೀಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದರು. ಹೊರಡುವಾಗ “ಹೌಡೂ” ಅಂದರು. ನಾವಿರುವ ಈ ಬ್ರಾಬಂಟ್ ಪ್ರಾಂತ್ಯದ ಕಡೆ, ಹೋಗಿಬರುತ್ತೇನೆ ಅನ್ನಲು ಹೀಗೆ ಹೇಳುತ್ತಾರೆ. ಅಜ್ಜ ಏನೂ ಹೇಳಲಿಲ್ಲ. ಪಿಯರ್ ಮರದ ಕಡೆ ಒಮ್ಮೆ ನೋಡಿ ನಡೆದರು.

ಗೃಹಪ್ರವೇಶಕ್ಕೆ ಹೋಮ ಮಾಡಲಿಲ್ಲ. ಇಲ್ಲಿ 2022ರಿಂದ ಪ್ರತಿ ಮಹಡಿಯಲ್ಲೂ ಹೊಗೆ ಎಚ್ಚರಿಕೆಯ ಸಾಧನ ಇರಲೇಬೇಕು. ಹಾಲು ಉಕ್ಕಿಸಿದೆವು. ಅಮ್ಮ ಕೊಟ್ಟಿದ್ದ ಹಿತ್ತಾಳೆ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗಲಿಲ್ಲ, ಸ್ಟೀಲ್ ಪಾತ್ರೆಗೆ ಸುರಿದೆವು. ಮಗಳು ಮೆಟ್ಟಿಲ ಮೇಲೆ ದಡದಡ ಓಡುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ.

ಜನವರಿಯಲ್ಲಿ ಒಂದು ವಾರ ಬಿಡದೆ ಮಳೆ. ಭಾನುವಾರ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದಾಗ ಕಿಟಕಿಯಾಚೆ ಮಳೆ ಕಂಡು ಅದೇ ಪ್ರಶ್ನೆ ಕೇಳಿದರು. ಮುಂಬಾಗಿಲ ಹತ್ತಿರ ಚಾಪೆ ಸರಿಸಿ ಮುಚ್ಚಳ ತೆಗೆದೆ. ಫೋನಿನ ಟಾರ್ಚ್ ಹಾಕಿ ಒಳಗೆ ತೋರಿಸಿದೆ. ಕೆಳಗೆ ಒಣ ಮರಳು. ಅಪ್ಪ ಸುಮಾರು ಹೊತ್ತು ನೋಡಿದರು. “ಇನ್ನೂ ಸ್ವಲ್ಪ ಎಡಕ್ಕೆ ಹಿಡಿ,” ಅಂದರು. ಎಡಕ್ಕೂ ಒಣಗಿತ್ತು. “ಹ್ಞಾಂ, ಮುಚ್ಚು,” ಅಂದು ಅಮ್ಮನನ್ನು ಕರೆದರು.