ಗದ್ದೆಯ ಮೂಲೆ, ಎಕರೆಗೊಂದು ಚೀಲ: ನನ್ನ ಅನುಭವ

ನಮ್ಮದು ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಕುಡಿಯೋ ನೆಲ. ಸ್ವಂತದ್ದು 8 ಎಕರೆ, ಲೀಜಿಗೆ ಹಿಡಿದದ್ದು 4 ಎಕರೆ. ಬೆಳೆಯೋದು ಸೋನಾಮಸೂರಿ. ಗದ್ದೆ ಕೆಲಸ ಯಜಮಾನರದು, ಲೆಕ್ಕದ ನೋಟ್‌ಬುಕ್ ನನ್ನದು. ಯಾರಿಗೆ ಎಷ್ಟು ಕೊಟ್ಟೆವು, ಯಾರಿಂದ ಎಷ್ಟು ಬಂತು ಅಂತ ವರ್ಷಾನುಗಟ್ಟಲೆ ಬರೆದಿಟ್ಟಿದ್ದೇನೆ. ದೇವರು ಕೊಟ್ಟದ್ದನ್ನು ಹಂಚಿಕೊಳ್ಳೋದು ಹೇಗೆ ಅಂತ ನಾವು ಕಲಿತದ್ದು ನಿಧಾನವಾಗಿ. ಎರಡು ಸಲ ಎಡವಿದ ಮೇಲೆ ಕಲಿತೆವು.

ಮೊದಲ ಸಲ ಎಡವಿದ್ದು ನಮ್ಮ ಕ್ರೈಸ್ತರ ದೊಡ್ಡ ಕೂಟದಲ್ಲಿ, ಒಂದು ಕನ್ವೆನ್ಷನ್‌ನಲ್ಲಿ. ವೇದಿಕೆ ಮೇಲಿದ್ದ ಬೋಧಕರು 'ಬೀಜ ಕಾಣಿಕೆ ಹಾಕಿರಿ, ದೇವರು ನೂರರಷ್ಟು ತಿರುಗಿ ಕೊಡುತ್ತಾನೆ' ಅಂದರು. ಅಂಗಡಿಯಲ್ಲಿ ಗೊಬ್ಬರದ ಸಾಲ ಹಾಗೇ ಇತ್ತು. ಆದರೂ ಕೈಯಲ್ಲಿದ್ದ 20,000 ರೂಪಾಯಿ ಕವರಿಗೆ ಹಾಕಿ ಕೊಟ್ಟೆವು. ಆ ವರ್ಷ ಭತ್ತಕ್ಕೆ ಕಂದು ಜಿಗಿಹುಳು ಬಿತ್ತು. ಬುಡದಲ್ಲಿ ಕೂತು ರಸ ಹೀರೋ ಹುಳು ಅದು. ನೋಡನೋಡುತ್ತಲೇ ಗದ್ದೆಯ ನಡುವೆ ಬೆಂಕಿ ಬಿದ್ದ ಹಾಗೆ ಸುತ್ತುಸುತ್ತಾಗಿ ಒಣಗಿತು. ನನಗೆ ದೇವರ ಮೇಲೆ ಸಿಟ್ಟು ಬಂತು. ಸಿಟ್ಟು ಯಾಕೆ ಬಂತು ಅಂತ ಕೂತು ಯೋಚಿಸಿದಾಗ ತಿಳಿಯಿತು. ನಾನು ಕೊಟ್ಟಿರಲಿಲ್ಲ, ಬಡ್ಡಿಗೆ ಬಿಟ್ಟಿದ್ದೆ. ಆಮೇಲೆ ಆ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಕೊಟ್ಟಿಲ್ಲ. ದೇವರು ಒಳ್ಳೆ ಬೆಳೆ ಕೊಡುತ್ತಾನೆ, ಅದು ಆಶೀರ್ವಾದವೇ. ಆದರೆ ಅದು ನಮ್ಮ ಕಾಣಿಕೆಗೆ ಬಂದ ಕೂಲಿ ಅಲ್ಲ. ಹಾಗಾದರೆ ಬೆಳೆ ಹೋದವರ ಮೇಲೆ ದೇವರಿಗೆ ಪ್ರೀತಿ ಇಲ್ಲ ಅಂತ ಹೇಳಬೇಕಾಗುತ್ತೆ. ಆ ಮಾತನ್ನು ನಾನು ಹೇಳಲಾರೆ.

ಎರಡನೇ ಸಲದ್ದು ಇನ್ನೂ ನೋವಿನದು. ಒಂದು ವರ್ಷ ಬೆಳೆ ಚೆನ್ನಾಗಿ ಬಂತು, ಎಕರೆಗೆ 40 ಚೀಲದ ಮೇಲೆ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಖುಷಿಯಲ್ಲಿ ಕ್ರಿಸ್‌ಮಸ್ಸಿಗೆ 40 ಮನೆಗೆ ಐದೈದು ಕೆಜಿ ಅಕ್ಕಿ, ಒಂದೊಂದು ಸೀರೆ ಹಂಚೋಣ ಅಂತ ಚರ್ಚಿನ ಮುಂದೆ ಶಾಮಿಯಾನ ಹಾಕಿಸಿದೆವು. ಫೋಟೊ ತೆಗೆಯೋಕೆ ಒಬ್ಬ ಹುಡುಗ. ಸಾಲಿನಲ್ಲಿ ನಮ್ಮ ಗದ್ದೆಗೆ ಕಳೆ ತೆಗೆಯೋಕೆ ಬರೋ ಹೆಣ್ಣುಮಗಳೂ ನಿಂತಿದ್ದಳು. ಅವಳ ಸರದಿ ಬಂದಾಗ ನಾನು ಚೀಲ ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು: 'ಅಕ್ಕಾರ, ಅಕ್ಕಿ ಬ್ಯಾಡ್ರಿ. ಕಳೆ ತೆಗೆದ ಕೂಲಿ ಕೊಟ್ರ ಸಾಕು.'

ನಿಜ. ಸೆಪ್ಟೆಂಬರ್ ಕೂಲಿ ಬಾಕಿ ಇತ್ತು. ವ್ಯಾಪಾರಿಯಿಂದ ದುಡ್ಡು ಬಂದ ಮೇಲೆ ಕೊಡುತ್ತೇವೆ ಅಂತ ಎಂಟು ಜನರಿಗೆ ಹೇಳಿದ್ದೆವು. ಅವರು ಸುಮ್ನೆ ಕಾಯುತ್ತಿದ್ದರು. ಅವರ ದುಡ್ಡಲ್ಲೇ ನಾವು ಶಾಮಿಯಾನ ಹಾಕಿಸಿದ್ದೆವು ಅಲ್ವಾ? ಆ ರಾತ್ರಿ ಬೈಬಲ್ಲಿನ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯ ಓದಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಅಂತ ಅಲ್ಲಿದೆ. ಎಷ್ಟೋ ಸಲ ಓದಿದ್ದ ಮಾತು. ಅವತ್ತು ಅದು ಕಿವಿಯಲ್ಲಿ ಕೇಳಿಸಿತು. ಮರುದಿನ ಬೆಳಿಗ್ಗೆ ಕಿವಿಯೋಲೆ ಅಡ ಇಟ್ಟು ಎಂಟೂ ಜನರ ಕೂಲಿ ಕೊಟ್ಟು ಬಂದೆ. ಅಲ್ಲಿಂದ ಇಲ್ಲಿತನಕ ಕೂಲಿ ಅವತ್ತವತ್ತೇ, ಹೊತ್ತು ಮುಳುಗೋದರೊಳಗೆ. ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲೂ ಹಾಗೇ ಹೇಳಿದೆ. ಅದಕ್ಕೆ ಅಂತಲೇ ನಾಟಿಗೂ ಮೊದಲು ದುಡ್ಡು ಬೇರೆ ತೆಗೆದಿಡುತ್ತೇವೆ. ಗೊಬ್ಬರದ ಅಂಗಡಿಯವರು ಕಾಯಬಹುದು, ಕೂಲಿಯವರು ಕಾಯಬಾರದು.

ಕೂಲಿ ಚುಕ್ತಾ ಆದ ಮೇಲೇ ನಮಗೆ ಕೊಡೋ ಮಾತಾಡುವ ಬಾಯಿ ಬಂತು. ಇನ್ನೊಂದು ಸಲ ಸಾಲು ನಿಲ್ಲಿಸಿ ಹಂಚೋಕೆ ಮನಸ್ಸು ಒಪ್ಪಲಿಲ್ಲ. ಹಾಗಾದರೆ ಹೇಗೆ? ಉತ್ತರ ಸಿಕ್ಕಿದ್ದು ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಹೊಲದ ಅಂಚುಮೂಲೆಯನ್ನೆಲ್ಲ ಕೊಯ್ಯಬೇಡ, ಹಕ್ಕಲಾಯಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಅನ್ನೋ ಅಪ್ಪಣೆ. ಹಕ್ಕಲು ನಮ್ಮ ಅವ್ವಂದಿರ ಬಾಯಲ್ಲಿದ್ದ ಮಾತು. ಕೊಯ್ಲು ಮುಗಿದ ಗದ್ದೆಯಲ್ಲಿ ಬಿದ್ದ ತೆನೆ ಆರಿಸಿ ಉಡಿಯಲ್ಲಿ ತುಂಬಿಕೊಳ್ಳೋದು. ನಮ್ಮವ್ವ ತಾನೇ ಹಕ್ಕಲಾಯ್ದು ನಮಗೆ ಗಂಜಿ ಕಾಸಿದವಳು. ಬೈಬಲ್ಲಿನಲ್ಲಿ ಪರರ ಹೊಲದಲ್ಲಿ ಹಕ್ಕಲಾಯ್ದ ವಿಧವೆ ರೂತಳ ಕಥೆ ಓದುವಾಗ ನನಗೆ ಅವಳೇ ನೆನಪಾಗುತ್ತಾಳೆ. ಆ ಹೊಲದ ಒಡೆಯ ಬೋವಜ ಆಳುಗಳಿಗೆ ಏನು ಹೇಳಿದ ನೋಡಿ: ಬೇಕೆಂತಲೇ ಸಿವುಡಿನಿಂದ ತೆನೆ ಎಳೆದು ಬಿಡಿರಿ, ಅವಳನ್ನು ಗದರಿಸಬೇಡಿರಿ. ಆರಿಸಿಕೊಂಡವಳು ಯಾರ ಮುಂದೂ ಕೈ ಚಾಚಲಿಲ್ಲ.

ಆದರೆ ಈಗ ಹಕ್ಕಲು ಎಲ್ಲಿದೆ? ಕೊಯ್ಯೋದು ಮಿಷನ್. ಒಂದು ಎಕರೆ ಅಂದರೆ ಒಂದು ತಾಸಿನ ಆಚೀಚೆ ಕೆಲಸ. ಅದು ತೆನೆ ಬಿಡೋದಿಲ್ಲ, ಉದುರಿದ ಕಾಳು ಕೆಸರಿಗೆ. ಇದನ್ನೇ ಯೋಚಿಸುತ್ತಾ ಬದುವಿನ ಮೇಲೆ ನಿಂತಿದ್ದಾಗ ಮಡಿಯ ಮೂಲೆ ಕಂಡಿತು. ಮಿಷನ್ ಮೂಲೆಗೆ ಹೋಗಿ ತಿರುಗಲಾರದು. ಅದಕ್ಕೇ ಹಿಂದಿನ ದಿನ ಆಳು ಹಚ್ಚಿ ನಾಲ್ಕೂ ಮೂಲೆಯನ್ನು ಕುಡಗೋಲಲ್ಲಿ ಕೊಯ್ಸಿ ಜಾಗ ಮಾಡುತ್ತಿದ್ದೆವು. ಮೋಶೆಯ ಕಾಲದಲ್ಲಿ ಹೇಳಿದ ಆ ಮೂಲೆ ಇವತ್ತೂ ನಮ್ಮ ಗದ್ದೆಯಲ್ಲಿ ಹಾಗೇ ನಿಂತಿದೆಯಲ್ಲ ಅಂತ ಮೈ ಜುಮ್ಮೆಂದಿತು.

ಆ ಸುಗ್ಗಿಯಿಂದ ಮೂಲೆ ಕೊಯ್ಯೋಕೆ ನಾವು ಆಳು ಹಚ್ಚಿಲ್ಲ. ಮಿಷನ್ ಬರೋ ಹಿಂದಿನ ದಿನ 'ನಾಳೆ ಕೊಯ್ಲು' ಅಂತ ಓಣಿಯಲ್ಲಿ ಒಂದು ಮಾತು ಬಿಡುತ್ತೇವೆ, ಅಷ್ಟೇ. ಬೇಕಾದವರು ಕುಡಗೋಲು ತರುತ್ತಾರೆ, ಕೊಯ್ಯುತ್ತಾರೆ, ಬಡಿದು ಒಯ್ಯುತ್ತಾರೆ. ಯಾರು, ಯಾವ ಜಾತಿ, ಚರ್ಚಿಗೆ ಬರುತ್ತಾರಾ ಇಲ್ಲವಾ, ಕೇಳೋದಿಲ್ಲ. ಮೊದಲ ವರ್ಷ ಬಹಳ ಚಿಕ್ಕ ಮೂಲೆ ಬಿಟ್ಟಿದ್ದೆವು. ಅದನ್ನು ನೋಡಿ ನನಗೇ ಸಂಕಟವಾಯಿತು. ಈಗ ಎರಡು ಪಟ್ಟು. ಕಾಲುವೆ ಪಕ್ಕದ ಒಂದು ಸಣ್ಣ ಮಡಿ ಪೂರ್ತಿ ಅವರದೇ.

ಇದರ ಜೊತೆಗೆ ಎಕರೆಗೊಂದು ಚೀಲ ಭತ್ತ, ಬಡವರಿಗೆ ಅಂತ. ಚರ್ಚಿಗೆ ಕೊಡೋ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಬೇರೆ, ಇದು ಬೇರೆ. ಇದಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆದದ್ದು ಉಂಟು. ಲೀಜಿನ ನೆಲದಲ್ಲಿ ಕೆಲವು ಸಲ ಖರ್ಚೇ ಹುಟ್ಟೋದಿಲ್ಲ, ಅದಕ್ಕೂ ಯಾಕೆ ಅಂತ ಯಜಮಾನರು. ಖರ್ಚೆಲ್ಲ ಕಳೆದು ಉಳಿದದ್ದರಲ್ಲಿ ಕೊಡೋಣ ಅಂದರು. ನಾನು ನೋಟ್‌ಬುಕ್ ತೋರಿಸಿದೆ. ಎಲ್ಲ ಕಳೆದ ಮೇಲೆ ಉಳಿದದ್ದು ಅಂತ ಒಂದು ವರ್ಷವೂ ಇರಲಿಲ್ಲ. ಬೆಳೆ ಜಾಸ್ತಿ ಬಂದಾಗ ಖರ್ಚೂ ಜಾಸ್ತಿ, ಹೊಸ ಬೈಕು, ಮನೆಗೆ ಟೈಲ್ಸು. ಕಣಜ ಕೆಡವಿ ದೊಡ್ಡದು ಕಟ್ಟಿಸ್ತೀನಿ ಅಂದ ಲೂಕನ ಸುವಾರ್ತೆಯ ಆ ಐಶ್ವರ್ಯವಂತನ ಹಾಗೆಯೇ ನಾವೂ ಇದ್ದೆವು. ಕೊನೆಗೆ, ಟ್ರ್ಯಾಕ್ಟರ್ ಮನೆ ಮುಟ್ಟೋ ಮೊದಲೇ 12 ಚೀಲ ಇಳಿಸೋದು ಅಂತ ಇಬ್ಬರೂ ಒಪ್ಪಿದೆವು. ಒಂದು ಚೀಲ ಭತ್ತ ಮಿಲ್ಲಿಗೆ ಹಾಕಿದರೆ 45 ಕೆಜಿ ಆಸುಪಾಸು ಅಕ್ಕಿ ಬರುತ್ತೆ. ಹಂಚೋದು ಆ ಅಕ್ಕಿಯನ್ನೇ. ನುಚ್ಚು ನಮ್ಮ ಮನೆಗೆ, ತೌಡು ಎಮ್ಮೆಗೆ.

ಒಂದು ವಿಷಯ ಹೇಳಲೇಬೇಕು. ಸೊಸೈಟಿಯಲ್ಲಿ ಅನ್ನಭಾಗ್ಯದ ಅಕ್ಕಿ ಸಿಗುತ್ತೆ. ಎಲ್ಲರಿಗೂ ಅಕ್ಕಿಯೇ ಬೇಕು ಅಂತ ನಾವೇ ತೀರ್ಮಾನಿಸೋದು ತಪ್ಪು. ಕೇಳಿದರೆ ಒಬ್ಬರಿಗೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ ಬರೋ ಖರ್ಚು, ಇನ್ನೊಬ್ಬರಿಗೆ ಮಗಳ ಪರೀಕ್ಷೆ ಫೀಸು. ಹಾಗಾಗಿ ಆ ಹನ್ನೆರಡರಲ್ಲಿ ಆರು ಚೀಲ ಮಾರಿ ದುಡ್ಡು ಇಟ್ಟುಕೊಳ್ಳುತ್ತೇವೆ. ಕೊಡೋದು ಮನೆಗೇ ಹೋಗಿ, ಸಂಜೆ ಹೊತ್ತು. ಫೋಟೊ ಇಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ಬೇಸಿಗೆ ಬೆಳೆಗೆ ಕಾಲುವೆ ನೀರು ಬರಲಿಲ್ಲ. ನಮ್ಮ ಓಣಿಯ ಎಷ್ಟೋ ಮನೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋದವು. ಮುದುಕರು ಮಾತ್ರ ಉಳಿದರು. ತೆಗೆದಿಟ್ಟ ಅಕ್ಕಿ ಆಗ ಅವರಿಗೆ ಆಯಿತು. ಮುಂದಿನ ವರ್ಷ ತುಂಗಭದ್ರಾ ಡ್ಯಾಮ್ ತುಂಬಿತು, ನಾಟಿ ಆಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನಿಂದ ನೀರು ಬಿಡೋ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಅನ್ನೋ ಕಬ್ಬಿಣದ ತಡೆ ಇಳಿಸಿ ನೀರು ನಿಲ್ಲಿಸೋಕೆ ಒಂದು ವಾರ ಹಿಡಿಯಿತು. ಆ ವಾರ ಊರಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗುಡಿ, ಮಸೀದಿ, ಚರ್ಚು ಎಲ್ಲಾ ಕಡೆ ಪ್ರಾರ್ಥನೆ. ನಮ್ಮ ಗದ್ದೆ, ನಮ್ಮ ಬೆಳೆ ಅನ್ನುತ್ತಿದ್ದದ್ದು ಒಂದು ಕಬ್ಬಿಣದ ಚೈನಿಗೆ ತೂಗುತ್ತಿತ್ತು ಅಂತ ಆಗ ಕಂಡಿತು. ಆ ವರ್ಷ 12 ಚೀಲ ಇಳಿಸುವಾಗ ಯಜಮಾನರು ಒಂದು ಮಾತೂ ಆಡಲಿಲ್ಲ.

ಹೋದ ಸುಗ್ಗಿಯಲ್ಲಿ ಮಿಷನ್ ಡ್ರೈವರ್ ಹೊಸಬ. 'ಮೂಲ್ಯಾಗಿನ್ನೂ ಕೊಯ್ಯಾಕತ್ತಾರಲ್ರಿ, ಎಷ್ಟೊತ್ತು ಕಾಯಬೇಕು?' ಅಂದ. ಒಂದು ತಾಸು ಕಾಯಪ್ಪ ಅಂದೆ. ಐದಾರು ಜನ ಹೆಂಗಸರು ಬಗ್ಗಿ ಕೊಯ್ಯುತ್ತಿದ್ದರು. ಅವತ್ತು ಕೂಲಿ ಕೇಳಿದವಳೂ ಅಲ್ಲಿದ್ದಳು. ತನ್ನ ಮೂಲೆಯಲ್ಲಿ ಒಂದು ಹಿಡಿ ಉಳಿಸಿ ಪಕ್ಕದವಳಿಗೆ ಕೂಗಿ ಹೇಳಿದಳು: 'ಅದನ್ನ ಬಿಡ, ಆಚೀ ಮನಿ ಮುದುಕಿ ಬರತಾಳ.' ಮಧ್ಯಾಹ್ನ ಕಾಲುವೆ ದಂಡೆ ಮೇಲೆ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾನು ಮನೆಯಿಂದ ಏನೂ ತಂದಿರಲಿಲ್ಲ. ಕೂಡ್ರಿ ಅಂತ ಜಾಗ ಮಾಡಿ, ನನ್ನ ಕೈಗೂ ಒಂದು ರೊಟ್ಟಿ ಇಟ್ಟರು.