ಹೆಣ್ಣುಕೂಸಿಗೆ ಉದ್ದನೆಯ, ಅಪರೂಪದ ಹೆಸರು: ತೊಟ್ಟಿಲಿಗೆ ಹಾಕುವ ಮೊದಲು ನೋಡಬೇಕಾದದ್ದು

ಎಲ್ಲೂ ಕೇಳದಂಥ ಉದ್ದನೆಯ ಹೆಸರು ಬೇಕು ಎನ್ನುವವರು ಒಂದು ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸಿಬಿಡುತ್ತಾರೆ. ಆದರೆ ಬೇಕಾದದ್ದು ಮೂರು: ತೊಟ್ಟಿಲಲ್ಲಿ ಹೇಳುವ ಪೂರ್ತಿ ಹೆಸರು, ಮನೆಯಲ್ಲಿ ಕರೆಯುವ ಮೊಟಕು ಹೆಸರು, ಇಂಗ್ಲಿಷಿನಲ್ಲಿ ಬರೆಯುವ ಸ್ಪೆಲ್ಲಿಂಗ್. ಎರಡನೆಯದನ್ನು ನೀವು ಇಡದಿದ್ದರೆ ಓಣಿಯವರು ಇಡುತ್ತಾರೆ. ಮೂರನೆಯದನ್ನು ಕಂಪ್ಯೂಟರ್ ಮುಂದೆ ಕೂತವರು ಇಡುತ್ತಾರೆ. ಆಮೇಲೆ ಎರಡನ್ನೂ ತಿದ್ದುವುದು ಕಷ್ಟ.

ಉದ್ದ ಬೇರೆ, ಅಪರೂಪ ಬೇರೆ ಎಂಬುದನ್ನೂ ಮೊದಲೇ ಬಿಡಿಸಿಕೊಳ್ಳಿ. ರಾಜರಾಜೇಶ್ವರಿ, ಭುವನೇಶ್ವರಿ ಉದ್ದವೇ, ಆದರೆ ನಮ್ಮ ಉತ್ತರ ಕರ್ನಾಟಕದ ಕಡೆ ಊರಿಗೊಬ್ಬರು ಇದ್ದೇ ಇರುತ್ತಾರೆ. ವೇದಗಂಗಾ ನಾಲ್ಕೇ ಅಕ್ಷರ, ಚಿಕ್ಕೋಡಿ ಸೀಮೆಯ ಹೊಳೆಯ ಹೆಸರು. ಹಾಜರಿ ಪುಸ್ತಕದಲ್ಲಿ ಸಿಗುವುದು ಅಪರೂಪ. ಅಕ್ಷರ ಎಣಿಸುವಾಗ ಕನ್ನಡದಲ್ಲೇ ಎಣಿಸಿ: ನಾಲಗೆಗೆ ಐದು ಅಕ್ಷರ ಸಲೀಸು, ಏಳು ದಾಟಿದರೆ ಯಾರೂ ಪೂರ್ತಿ ಕರೆಯುವುದಿಲ್ಲ.

ಎಲ್ಲಿ ಹುಡುಕಬೇಕು

ಮೊಬೈಲಿನಲ್ಲಿ ಸಿಗುವ ಪಟ್ಟಿಗಳಲ್ಲಿ ಒಂದೇ ಅಚ್ಚಿನ ಹೆಸರುಗಳಿರುತ್ತವೆ, ಪಕ್ಕದಲ್ಲಿ ಬರೆದ ಅರ್ಥ ಎಷ್ಟೋ ಸಲ ಕಟ್ಟುಕಥೆ. ಕಿಟೆಲ್ ನಿಘಂಟಿನಲ್ಲೋ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲೋ ಆ ಪದ, ಅಥವಾ ಅದರ ಎರಡು ತುಂಡುಗಳು, ಸಿಗದಿದ್ದರೆ ಆ ಅರ್ಥ ನಂಬಬೇಡಿ. ಅದಕ್ಕಿಂತ ನಮ್ಮ ಜಿಲ್ಲೆಗಳ ಶಾಸನ, ಗುಡಿ, ಹೊಳೆಗಳೇ ಒಳ್ಳೆಯ ಗಣಿ.

ಪಟ್ಟದಕಲ್ಲಿನಿಂದ ಶುರುಮಾಡಿ. ಬಾದಾಮಿ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ 740ರ ಸುಮಾರಿನಲ್ಲಿ ಅಲ್ಲಿ ಎರಡು ದೊಡ್ಡ ಗುಡಿ ಕಟ್ಟಿಸಿದವರು ಅವನ ರಾಣಿಯರಾದ ಅಕ್ಕ-ತಂಗಿ: ವಿರೂಪಾಕ್ಷ ಗುಡಿ ಲೋಕಮಹಾದೇವಿಯದು, ಮಲ್ಲಿಕಾರ್ಜುನ ಗುಡಿ ತ್ರೈಲೋಕ್ಯಮಹಾದೇವಿಯದು. ಅವಳಿ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಬಾದಾಮಿಯ 699ರ ಶಾಸನದಲ್ಲಿ ವಿಜಯಾದಿತ್ಯನ ತಾಯಿ ವಿನಯವತಿ ಇದ್ದಾಳೆ, ಮಹಾಕೂಟದ ಕಂಬದ ಶಾಸನದಲ್ಲಿ ಒಂದನೇ ಪುಲಕೇಶಿಯ ರಾಣಿ ದುರ್ಲಭಾದೇವಿ. ಎರಡನೇ ಪುಲಕೇಶಿಯ ಸೊಸೆ ವಿಜಯಭಟ್ಟಾರಿಕೆ. ಕಲ್ಯಾಣದ ಚಾಲುಕ್ಯರ ಅಕ್ಕಾದೇವಿ 1047ರ ಹೊತ್ತಿಗೆ ಗೋಕಾಕ ಕೋಟೆಗೆ ಮುತ್ತಿಗೆ ಹಾಕಿದವಳು. ಅವಳ ಬಿರುದು ‘ಗುಣದ ಬೆಡಂಗಿ’. ಬಿರುದನ್ನು ಹೆಸರಾಗಿ ಇಡುವ ಧೈರ್ಯ ಇದ್ದರೆ ಇಡಿ, ಬೆಡಂಗಿ ಎಂದರೆ ಚೆಲುವೆ.

ಶರಣೆಯರಲ್ಲಿ ನೀಲಾಂಬಿಕೆ, ಗಂಗಾಂಬಿಕೆ ಇಬ್ಬರೂ ಇಲ್ಲಿಯವರೇ ಆಗಿಹೋಗಿದ್ದಾರೆ: ನೀಲಾಂಬಿಕೆಯ ಐಕ್ಯಸ್ಥಳ ಮುದ್ದೇಬಿಹಾಳದ ಕಡೆಯ ತಂಗಡಗಿ, ಗಂಗಾಂಬಿಕೆಯದು ಎಂ.ಕೆ. ಹುಬ್ಬಳ್ಳಿ. ಮುಕ್ತಾಯಕ್ಕ ಎಂಬ ಹೆಸರು ಈಗ ಬಹುತೇಕ ಬಿಟ್ಟುಹೋಗಿದೆ, ಮತ್ತೆ ತರಬಹುದು. ಬಾದಾಮಿ ಬನಶಂಕರಿಯ ಇನ್ನೊಂದು ಹೆಸರು ಶಾಕಂಭರಿ. ಬನಶಂಕರಿ ಎಲ್ಲೆಲ್ಲೂ ಇದೆ, ಶಾಕಂಭರಿ ಕಡಿಮೆ. ವಿಜಯಪುರದ ಮುಸ್ಲಿಂ ಮನೆಗಳವರಿಗೆ ಮಲಿಕಾ ಜಹಾನ್, ತಾಜ್ ಸುಲ್ತಾನಾ ಎರಡೂ ಊರೊಳಗೇ ಇವೆ: ಒಂದು ಮಸೀದಿಯ ಹೆಸರಿನಲ್ಲಿ, ಇನ್ನೊಂದು ತಾಜ್ ಬಾವಡಿಯಲ್ಲಿ.

ಹೆಸರನ್ನು ನೀವೇ ಕಟ್ಟುವುದಾದರೆ ಒಂದು ವ್ಯಾಕರಣ ನೆನಪಿರಲಿ. ಅ, ಆ ಕೊನೆಯಿರುವ ಪದಕ್ಕೆ ‘ವತಿ’ ಸೇರುತ್ತದೆ: ವಿನಯವತಿ, ಪ್ರಭಾವತಿ. ಇ, ಉ ಕೊನೆಯಿದ್ದರೆ ‘ಮತಿ’: ಇಂದುಮತಿ, ಮಧುಮತಿ. ‘ಮಧುವತಿ’ ಎಂದು ಇಟ್ಟರೆ ಮುಂದೆ ಅವಳ ಸಂಸ್ಕೃತದ ಮಾಸ್ತರರೇ ತಪ್ಪು ಹಿಡಿಯುತ್ತಾರೆ.

ಕೂಗಿ ನೋಡಿ, ಅಡ್ಡಹೆಸರಿನ ಜೊತೆ ಓದಿ

ಹಿತ್ತಲಲ್ಲಿ ನಿಂತು ಅಂಗಳಕ್ಕೆ ಕೇಳುವಂತೆ ಕೂಗಿ. ದೀರ್ಘಾಕ್ಷರ ಇರುವ ಹೆಸರು ದೂರ ಹೋಗುತ್ತದೆ. ಒತ್ತಕ್ಷರ ಎರಡಕ್ಕಿಂತ ಹೆಚ್ಚಿದ್ದರೆ ಬಿಡಿ. ‘ತ್ರೈಲೋಕ್ಯ’ದಲ್ಲೇ ಎರಡಿವೆ, ಮಗು ತನ್ನ ಹೆಸರನ್ನು ತಾನೇ ಸರಿಯಾಗಿ ಹೇಳಲು ಶಾಲೆಗೆ ಸೇರುವವರೆಗೂ ತಿಣುಕುತ್ತದೆ.

ಮುಂದಿನದು ಚೇಷ್ಟೆಯ ಪರೀಕ್ಷೆ. ಹಿರಣ್ಯಕೇಶಿ ಸಂಕೇಶ್ವರದ ಹೊಳೆ, ಬಂಗಾರದ ಕೂದಲಿನವಳು ಎಂಬ ಅರ್ಥ, ಐದೇ ಅಕ್ಷರ, ಕೇಳಲು ಚಂದ. ಆದರೆ ಮನೆಯ ಹಿರಿಯರೊಬ್ಬರಾದರೂ “ಹಿರಣ್ಯಕಶಿಪೂನ ತಂಗೀ ಏನ?” ಎಂದು ಕೇಳದೆ ಇರುವುದಿಲ್ಲ. ಮಹಾಕೂಟದ ಇನ್ನೊಂದು ಶಾಸನದಲ್ಲಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರ ಕೊಟ್ಟ ವಿನಾಪೋಟಿ ಇದ್ದಾಳೆ. ಇಂಗ್ಲಿಷ್ ಮೀಡಿಯಂ ಶಾಲೆಯ ಮೊದಲ ವಾರದಲ್ಲೇ ಆ ‘ಪೋಟಿ’ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭಾ ನಮ್ಮ ಕಡೆ ಯಾರೂ ನಗದ ಹೆಸರು, ಬೆಂಗಳೂರಿನ ಕಡೆ ಅದರ ಮೊದಲೆರಡು ಅಕ್ಷರಕ್ಕೆ ನಗುವವರು ಸಿಗಬಹುದು. ಘಟಪ್ರಭಾಕ್ಕೆ ‘ಗಟವಾಣಿ’ ಹತ್ತಿರ.

ಅಡ್ಡಹೆಸರನ್ನು, ಅಂದರೆ ಮನೆತನದ ಹೆಸರನ್ನು, ಸೇರಿಸಿ ಒಂದೇ ಉಸಿರಿಗೆ ಓದಿ. ಮಧುಮತಿ ಬೆಲ್ಲದ ಸಿಹಿಯಾಯಿತು. ಮಧುಮತಿ ಮೆಣಸಿನಕಾಯಿ? ನೀವೇ ನೋಡಿ.

ಪಾದದ ಅಕ್ಷರ ಸಿಕ್ಕದಿದ್ದರೆ

ಹುಟ್ಟಿದ ನಕ್ಷತ್ರದ ಪಾದಕ್ಕೆ ಹೇಳಿದ ಅಕ್ಷರದಿಂದಲೇ ಹೆಸರು ಶುರುವಾಗಬೇಕು ಎಂಬುದು ರೂಢಿ. 27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರ. ಇವುಗಳಲ್ಲಿ ಕೆಲವಕ್ಕೆ ಹೆಸರೇ ಇಲ್ಲ. ಆರ್ದ್ರಾ ನಕ್ಷತ್ರದ ಪಾದಗಳು ಕು, ಘ, ಙ, ಛ. ಮೂರನೇ ಪಾದಕ್ಕೆ ಹುಟ್ಟಿದವಳಿಗೆ ಙಕಾರದ ಹೆಸರು ತರುವುದೆಲ್ಲಿಂದ? ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯಿರಿ: ಕುಂಕುಮಮಹಾದೇವಿ (ಲಕ್ಷ್ಮೇಶ್ವರದಲ್ಲಿ ಬಸದಿ ಕಟ್ಟಿಸಿದ ಚಾಲುಕ್ಯರ ಹೆಣ್ಣುಮಗಳು) ಅಥವಾ ಆ ಘಟಪ್ರಭಾ. ರೋಹಿಣಿ ಮೂರನೇ ಪಾದವಾದರೆ ಅದೃಷ್ಟ, ವಿನಯವತಿ ಇದ್ದಾಳೆ. ಏನೂ ಹೊಂದದಿದ್ದರೆ ಜನ್ಮನಾಮವನ್ನು ಕಿವಿಯಲ್ಲಿ ಹೇಳಿ ಅಲ್ಲಿಗೇ ಬಿಟ್ಟು, ವ್ಯವಹಾರಕ್ಕೆ ಬೇರೆ ಹೆಸರು ಬರೆಸಿ. ಎರಡನ್ನೂ ದಾಖಲೆಗೆ ತರಬೇಡಿ.

ಕರೆಯುವ ಹೆಸರು

ನಮ್ಮ ಬಾಯಿಗೆ ಬಿದ್ದ ಹೆಸರು ಎರಡಕ್ಷರಕ್ಕೆ ಇಳಿದು ‘ವ್ವ’ ಅಂಟಿಸಿಕೊಳ್ಳುತ್ತದೆ: ನೀಲಾಂಬಿಕೆ ನೀಲವ್ವ ಆಗುವುದು ನಿಲ್ಲಿಸಲಾಗದ ಸಂಗತಿ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಯಾವ ಎರಡಕ್ಷರ ಎಂಬುದು ನಿಮ್ಮ ಕೈಯಲ್ಲಿದೆ. ದುರ್ಲಭಾದೇವಿ ‘ದುರಗಿ’ ಆಗುವ ಮುಂಚೆ ಮನೆಮಂದಿ ಎಲ್ಲ ‘ಲಭಾ’ ಎಂದು ಕರೆಯಲು ಶುರುಮಾಡಿ. ತ್ರೈಲೋಕ್ಯಮಹಾದೇವಿಗೆ ‘ಮಾದೇವಿ’ ಸಾಕು. ತೊಟ್ಟಿಲ ದಿನವೇ ಹೇಳಿಬಿಡುವುದು ಉಪಾಯ: ಸೋದರತ್ತಿ ಕಿವಿಯಲ್ಲಿ ಪೂರ್ತಿ ಹೆಸರು ಹೇಳಿ ಬೆನ್ನಿಗೆ ಗುದ್ದು ತಿಂದಾದ ಮೇಲೆ, ಕರೆಯುವ ಹೆಸರನ್ನು ನೆರೆದವರಿಗೆಲ್ಲ ಕೇಳುವಂತೆ ಕೂಗಲಿ.

ಅಜ್ಜಿಯ ಹೆಸರನ್ನೇ ಉದ್ದ ಮಾಡಿ ಇಡುವ ಮನೆಗಳಲ್ಲಿ ಇನ್ನೊಂದು ತೊಡಕು. ಅತ್ತೆಯ ಹೆಸರು ಹಿಡಿದು ಕರೆಯಲು ಸೊಸೆಗೆ ಬಾಯಿ ಬರುವುದಿಲ್ಲ. ಅಜ್ಜಿ ಗಂಗವ್ವ, ಮೊಮ್ಮಗಳು ಗಂಗಾಂಬಿಕೆ ಎಂದರೆ ತಾಯಿ ಕರೆಯುವುದು ‘ಅವ್ವಕ್ಕ’ ಎಂದೇ. ಅಂಥಲ್ಲಿ ಮೊಟಕು ಹೆಸರು ಅಜ್ಜಿಯದಕ್ಕೆ ತಾಗದ ಹಾಗಿರಲಿ: ಅಂಬಿಕಾ, ಅಂಬಿ.

ಸ್ಪೆಲ್ಲಿಂಗ್ ಮತ್ತು ಕಾಗದ

ಇಂಗ್ಲಿಷಿಗೆ ಬಂದಾಗ ಲೆಕ್ಕ ಬದಲಾಗುತ್ತದೆ. ಪಾಸ್‌ಪೋರ್ಟಿನ ಕೆಳಗಡೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು 39 ಜಾಗ, ನಡುವಿನ ಗುರುತುಗಳೂ ಅದರಲ್ಲೇ. ನಮ್ಮ ಕಡೆ ಮಗಳ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಸಾಲಾಗಿ ಬರೆಸುವ ರೂಢಿ. ‘ತ್ರೈಲೋಕ್ಯಮಹಾದೇವಿ ಮಲ್ಲಿಕಾರ್ಜುನ್ ಮೆಣಸಿನಕಾಯಿ’ ಎಂದರೆ 17, 11, 11 ಇಂಗ್ಲಿಷ್ ಅಕ್ಷರ. ಅಡ್ಡಹೆಸರಿನ ಮುಂದೆ ಎರಡು, ಹೆಸರುಗಳ ನಡುವೆ ಒಂದು ಗುರುತು ಸೇರಿ 42. ಮೂರು ಅಕ್ಷರ ಕತ್ತರಿಸಿಹೋಗುತ್ತವೆ, ವಿಮಾನದ ಟಿಕೆಟ್ಟಿಗೆ ಹೋಲಿಸುವಾಗ ತಕರಾರು. ತಂದೆಯ ಹೆಸರಿಗೆ ಪಾಸ್‌ಪೋರ್ಟಿನಲ್ಲಿ ಬೇರೆ ಜಾಗ ಇದ್ದೇ ಇದೆ, ಹಾಗಾಗಿ ಮಗಳ ಹೆಸರು 14 ಅಕ್ಷರ ದಾಟಿದರೆ ಮೊದಲಿನಿಂದಲೂ ತಂದೆಯ ಹೆಸರನ್ನು ನಡುವೆ ಸೇರಿಸಬೇಡಿ. ಹಾಗೆಂದು ಅಡ್ಡಹೆಸರನ್ನೂ ಬಿಟ್ಟು ಒಂದೇ ಹೆಸರು ಇಡುವುದೂ ಸಲ್ಲ: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಬರಲು 2022ರ ನವೆಂಬರಿನಲ್ಲಿ ಯುಎಇ ತಡೆ ಹಾಕಿತು. ಮೆಹರುನ್ನಿಸಾದಂಥ ಹೆಸರನ್ನು ಅಡ್ಡಗೆರೆ ಹಾಕಿ ಒಡೆಯದೆ ಒಂದೇ ಪದವಾಗಿ ಬರೆಯಿರಿ.

ಕೊನೆಯ ಸ್ವರವನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ನೀಲಾಂಬಿಕೆಯೋ ನೀಲಾಂಬಿಕಾಳೋ? ಇಂಗ್ಲಿಷಿನಲ್ಲಿ ಒಂದು ‘ಇ’ ಮತ್ತು ‘ಎ’ ಅಷ್ಟೇ ವ್ಯತ್ಯಾಸ, ಆದರೆ ಒಂದು ಕಾಗದದಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಬಂದರೆ ಅಫಿಡವಿಟ್ ಮಾಡಿಸುವುದು ತಪ್ಪುವುದಿಲ್ಲ. ಮೊದಲಕ್ಷರದ ಈಕಾರಕ್ಕೆ ಎರಡು ‘ಇ’ ಹಾಕುತ್ತೀರೋ ‘ಐ’ ಹಾಕುತ್ತೀರೋ, ಅದೂ ಒಮ್ಮೆಗೇ ತೀರ್ಮಾನವಾಗಲಿ.

ಜನನ ನೋಂದಣಿಗೆ 21 ದಿನ. ತೊಟ್ಟಿಲು 12 ಅಥವಾ 13ನೇ ದಿನ ಆದರೆ ವಾರದ ಮೇಲೆ ಒಂದೆರಡು ದಿನ ಉಳಿಯುತ್ತದೆ. ಹೆಸರು ಗಟ್ಟಿಯಾಗಿರದಿದ್ದರೆ ಆತುರ ಬೇಡ: ಹೆಸರಿಲ್ಲದೆಯೇ ನೋಂದಣಿ ಆಗುತ್ತದೆ, 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ನೋಂದಣಿಯಿಂದ 15 ವರ್ಷದವರೆಗೆ ಶುಲ್ಕ ಕೊಟ್ಟು ಹೆಸರು ಸೇರಿಸಬಹುದು. ಅರೆಮನಸ್ಸಿನಲ್ಲಿ ಒಂದು ಹೆಸರು ಬರೆಸಿ ಆಮೇಲೆ ಬದಲಿಸಲು ಓಡಾಡುವುದಕ್ಕಿಂತ ಖಾಲಿ ಬಿಡುವುದು ಮೇಲು. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಹುಟ್ಟಿದ ದಿನಾಂಕಕ್ಕೆ ಈ ಜನನ ಪ್ರಮಾಣಪತ್ರವೇ ಆಧಾರ.

ಕಚೇರಿಗೆ ಹೋಗುವಾಗ ಬಿಳಿ ಹಾಳೆಯಲ್ಲಿ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಒಮ್ಮೆ ಬರೆದು ಒಯ್ಯಿರಿ. ಬಾಯಿಂದ ಹೇಳಿ ಬರೆಸಬೇಡಿ. ‘ಭ’ ‘ಬ’ ಆಗುವುದು, ‘ಣ’ ‘ನ’ ಆಗುವುದು ಅಲ್ಲಿಯೇ. ಮುದ್ರಣಕ್ಕೆ ಕೊಡುವ ಮುಂಚೆ ಪರದೆ ನೋಡಿ, ತಾಯಿ-ತಂದೆಯ ಹೆಸರು ನಿಮ್ಮ ಆಧಾರಿನಂತೆಯೇ ಇದೆಯೇ ಎಂದೂ ನೋಡಿ.

ಬಾಲ ಆಧಾರ್ ಮಾಡಿಸುವಾಗ ಮತ್ತೊಂದು ಕಣ್ಣು ಬೇಕು. ಅಲ್ಲಿ ಇಂಗ್ಲಿಷ್ ಟೈಪ್ ಮಾಡಿದ ಕೂಡಲೇ ಕನ್ನಡ ತಾನಾಗಿ ಮೂಡುತ್ತದೆ, ಉದ್ದ ಹೆಸರು ಎಡವುವುದು ಅಲ್ಲೇ: ಹಿರಣ್ಯಕೇಶಿ ‘ಹಿರನ್ಯಾಕೇಶಿ’ ಆಗಿ ಕೂತಿರುತ್ತದೆ. ಆಪರೇಟರಿಗೆ ಹೇಳಿ ಕನ್ನಡದ ಸಾಲನ್ನು ಅಲ್ಲೇ ತಿದ್ದಿಸಿ, ಏಕೆಂದರೆ ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದನೇ ತರಗತಿಗೆ ಸೇರಿಸುವ ದಿನ ಪ್ರಮಾಣಪತ್ರದ ನಕಲನ್ನು ಅರ್ಜಿಗೆ ಹಚ್ಚಿ, ದಾಖಲಾತಿ ರಜಿಸ್ಟರಿನಲ್ಲಿ ಬರೆದ ಹೆಸರನ್ನು ಅದಕ್ಕೆ ಅಕ್ಷರಕ್ಕಕ್ಷರ ತಾಳೆ ನೋಡಿ ಸಹಿ ಮಾಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಆ ಹೆಸರೇ.