ಯುಎಸ್‌ಬಿ ಮಾತ್ರ ಇರುವ ಹಳೇ ಪ್ರಿಂಟರಿಗೆ ಲ್ಯಾಪ್‌ಟಾಪಿನಿಂದ ವೈಫೈ ಪ್ರಿಂಟ್

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿ ಇರಲಿ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಇರಲಿ, ಮೇಜಿನ ಮೇಲೆ ಇಂದಿಗೂ ದುಡಿಯುತ್ತಿರುವ ಹಳೇ ಪ್ರಿಂಟರುಗಳೆಂದರೆ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ಇಂಥವು. ಮೊದಲನೆಯದಕ್ಕೆ 12ಎ ಕಾರ್ಟ್ರಿಡ್ಜ್, ಎರಡನೆಯದಕ್ಕೆ 303. ಎರಡೂ ಸುಮಾರು 2000 ಪುಟ ಬರುತ್ತವೆ, ಖಾಲಿಯಾದರೆ ಊರಲ್ಲೇ ರೀಫಿಲ್ ಆಗುತ್ತದೆ. ಗಟ್ಟಿ ಯಂತ್ರಗಳು. ವೈಫೈ ಇಲ್ಲವೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕಬೇಕಾಗಿಲ್ಲ. ಹರಾಜು ನಡೆಯುವ ಕಡೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಿಲ್ಲು ಹಾಕಿ, ಒಳಗಿನ ಕೋಣೆಯ ಪ್ರಿಂಟರಿನಲ್ಲಿ ಕಾಗದ ಬರುವಂತೆ ಮಾಡಲು ಅರ್ಧ ದಿನದ ಕೆಲಸ ಸಾಕು. ಹೊಸ ಖರ್ಚು ಹೆಚ್ಚೆಂದರೆ ಒಂದು ಕೇಬಲ್ಲಿನದು.

ಆದರೆ ಮೊದಲು ಒಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ದುಡ್ಡು ದಂಡವಾಗುತ್ತದೆ. ಈ ಎರಡು ಪ್ರಿಂಟರುಗಳಿಗೆ ಅಕ್ಷರ, ಪುಟ, ಗೆರೆ ಯಾವುದೂ ತಾನಾಗಿ ಗೊತ್ತಿಲ್ಲ. ಪುಟವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲಿರುವ ಡ್ರೈವರ್ ಮಾಡುತ್ತದೆ. ಪ್ರಿಂಟರ್ ಆ ಚುಕ್ಕೆಗಳನ್ನು ಕಾಗದಕ್ಕೆ ಇಳಿಸುತ್ತದೆ ಅಷ್ಟೆ. 1020 ಅಂತೂ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ತನ್ನನ್ನು ನಡೆಸುವ ಒಳಗಿನ ಸಾಫ್ಟ್‌ವೇರನ್ನು (ಫರ್ಮ್‌ವೇರ್) ಕಂಪ್ಯೂಟರಿನಿಂದಲೇ ತುಂಬಿಸಿಕೊಳ್ಳಬೇಕು. 2900 ಪುಟ ಮುಗಿಯುವವರೆಗೂ ಕಂಪ್ಯೂಟರಿನ ಜೊತೆ ಎರಡೂ ಕಡೆಯಿಂದ ಮಾತಾಡುತ್ತಿರಬೇಕು. ಹಾಗಾಗಿ ಮಾರುಕಟ್ಟೆಯಲ್ಲಿ ಸಿಗುವ ಸಾದಾ ಪ್ರಿಂಟ್ ಸರ್ವರ್ ಡಬ್ಬಿಗೆ (ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕಿಗೆ ಸೇರಿಸುವ ಪುಟ್ಟ ಪೆಟ್ಟಿಗೆ) ಇವನ್ನು ಸಿಕ್ಕಿಸಿದರೆ ಲೈಟ್ ಉರಿಯುತ್ತದೆ, ಕಾಗದ ಬರುವುದಿಲ್ಲ. ರೂಟರಿನ ಹಿಂದಿನ ಯುಎಸ್‌ಬಿ ತೂತಿನದೂ ಅದೇ ಕಥೆ. ಬಹಳಷ್ಟು ರೂಟರುಗಳಲ್ಲಿ ಅದು ಪೆನ್‌ಡ್ರೈವಿಗಷ್ಟೇ ಇರುತ್ತದೆ. ಯುಎಸ್‌ಬಿಯನ್ನೇ ನೆಟ್‌ವರ್ಕಿನ ಮೇಲೆ ಸಾಗಿಸುವ ಬೇರೆ ಬಗೆಯ ಡಬ್ಬಿಗಳಿವೆ. ಅವು ಇಂಥ ಪ್ರಿಂಟರನ್ನೂ ನಡೆಸಬಲ್ಲವು, ಆದರೆ ಒಂದು ಹೊತ್ತಿಗೆ ಒಂದೇ ಲ್ಯಾಪ್‌ಟಾಪಿಗೆ ಸಿಗುತ್ತವೆ.

ಆದ್ದರಿಂದ ಈ ಪ್ರಿಂಟರುಗಳಿಗೆ ನಂಬಿಕೆಯ ದಾರಿ ಒಂದೇ: ಅದು ಈಗ ಯಾವ ಡೆಸ್ಕ್‌ಟಾಪಿಗೆ ಅಂಟಿಕೊಂಡಿದೆಯೋ ಅಲ್ಲೇ ಇರಲಿ, ಆ ಡೆಸ್ಕ್‌ಟಾಪಿನಿಂದ ಅದನ್ನು ಶೇರ್ ಮಾಡಿ.

ಡೆಸ್ಕ್‌ಟಾಪಿನ ಕಡೆಯ ಕೆಲಸ

ಯುಎಸ್‌ಬಿ ಕೇಬಲ್ 5 ಮೀಟರ್ ಮೀರಬಾರದು, 1.5 ಮೀಟರಿನದೇ ವಾಸಿ. ಡೆಸ್ಕ್‌ಟಾಪಿನಿಂದ ರೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ. ಲ್ಯಾಪ್‌ಟಾಪ್ ಮಾತ್ರ ಗಾಳಿಯಲ್ಲಿ, ಅಂದರೆ ವೈಫೈಯಲ್ಲಿ, ಮಾತಾಡಲಿ. ಎರಡೂ ವೈಫೈಯಲ್ಲಿದ್ದರೆ ಅದೇ ಪುಟ ಎರಡು ಸಲ ಗಾಳಿ ದಾಟಬೇಕಾಗುತ್ತದೆ, ಸಿಗ್ನಲ್ ಕಡಿಮೆ ಇದ್ದ ಕಡೆ ಅರ್ಧ ಪುಟಕ್ಕೇ ನಿಲ್ಲುತ್ತದೆ. ಮೊದಲು ಡೆಸ್ಕ್‌ಟಾಪಿನಿಂದಲೇ ಒಂದು ಟೆಸ್ಟ್ ಪೇಜ್ ತೆಗೆಯಿರಿ. ಇಲ್ಲಿ ಬರದಿದ್ದರೆ ಮುಂದಿನದೆಲ್ಲ ವ್ಯರ್ಥ.

ಈಗ ಕಂಪ್ಯೂಟರಿಗೆ ಒಂದು ಚಿಕ್ಕ ಹೆಸರು ಕೊಡಿ: ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್, ರಿನೇಮ್ ದಿಸ್ ಪಿಸಿ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, 15 ಅಕ್ಷರದೊಳಗೆ ಇರಲಿ. ರೀಸ್ಟಾರ್ಟ್ ಮಾಡಿ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ನಿಮ್ಮ ಕನೆಕ್ಷನ್ ತೆರೆದು ಪ್ರೊಫೈಲನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ. ಪಬ್ಲಿಕ್ ಎಂದಿದ್ದರೆ ವಿಂಡೋಸ್ ಬೇರೆ ಯಾವ ಕಂಪ್ಯೂಟರಿಗೂ ಬಾಗಿಲು ತೆಗೆಯುವುದಿಲ್ಲ. 'ಕಂಪ್ಯೂಟರೇ ಕಾಣುತ್ತಿಲ್ಲ' ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಅದರ ಜೊತೆಗೆ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸಿಗೆ ಹೋಗಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ.

ಮುಂದಿನದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. ಪ್ರಿಂಟಿಗೆಂದೇ ಒಂದು ಯೂಸರ್ ಅಕೌಂಟ್ ಮಾಡಿ: ಅಕೌಂಟ್ಸ್, ಅದರ್ ಯೂಸರ್ಸ್, ಆಡ್ ಅಕೌಂಟ್. ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಎಂಬ ಆಯ್ಕೆ ಹಿಡಿದು, ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಡಿ. ಖಾಲಿ ಪಾಸ್‌ವರ್ಡ್ ನೆಟ್‌ವರ್ಕಿನ ಮೇಲೆ ನಡೆಯುವುದಿಲ್ಲ, ನಾಲ್ಕಂಕಿ ಪಿನ್ ಕೂಡ ನಡೆಯುವುದಿಲ್ಲ. ಹಿಂದೆ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಪ್ರಿಂಟ್ ಕೊಡುತ್ತಿದ್ದವರಿಗೆ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಇದ್ದಕ್ಕಿದ್ದಂತೆ ನಿಂತುಹೋಗಿದ್ದರೆ, ಗೆಸ್ಟ್ ದಾರಿ ಮುಚ್ಚಿದ್ದೇ ಕಾರಣ.

ಈಗ ಶೇರಿಂಗ್. ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪಟ್ಟಿಯಲ್ಲಿ ನಿಮ್ಮ ಪ್ರಿಂಟರ್ ಒತ್ತಿ, ಪ್ರಿಂಟರ್ ಪ್ರಾಪರ್ಟೀಸ್ ತೆರೆಯಿರಿ. ಪ್ರಿಂಟಿಂಗ್ ಪ್ರಿಫರೆನ್ಸಸ್ ಎಂಬುದು ಬೇರೆ, ಅಲ್ಲಿಗೆ ಹೋಗಬೇಡಿ. ಶೇರಿಂಗ್ ಟ್ಯಾಬಿನಲ್ಲಿ ಶೇರ್ ದಿಸ್ ಪ್ರಿಂಟರ್‌ಗೆ ಟಿಕ್ ಹಾಕಿ, ಶೇರ್ ನೇಮ್ ಜಾಗದಲ್ಲಿ ಎಚ್‌ಪಿ1020 ಎಂಬಂಥ ಚಿಕ್ಕ ಹೆಸರನ್ನು ಇಂಗ್ಲಿಷಿನಲ್ಲಿ ಕೊಡಿ. ಅದೇ ಟ್ಯಾಬಿನಲ್ಲಿ ರೆಂಡರ್ ಪ್ರಿಂಟ್ ಜಾಬ್ಸ್ ಆನ್ ಕ್ಲೈಂಟ್ ಕಂಪ್ಯೂಟರ್ಸ್ ಎಂಬುದಕ್ಕೂ ಟಿಕ್ ಇರಲಿ. ಪುಟವನ್ನು ಲ್ಯಾಪ್‌ಟಾಪೇ ಬಿಡಿಸಿ ಕಳಿಸುವಂತೆ ಮಾಡುವ ಟಿಕ್ ಇದು. ನುಡಿಯಲ್ಲಿ ಟೈಪ್ ಮಾಡುವವರಿಗೆ ಇದು ಮುಖ್ಯ: ಫಾಂಟ್ ಲ್ಯಾಪ್‌ಟಾಪಿನಲ್ಲಿದ್ದರೆ ಸಾಕು, ಡೆಸ್ಕ್‌ಟಾಪಿನಲ್ಲಿ ನುಡಿ ಇಲ್ಲದಿದ್ದರೂ ಅಕ್ಷರ ಸರಿಯಾಗಿ ಬರುತ್ತದೆ.

ಪವರ್ ಸೆಟ್ಟಿಂಗ್ಸಿನಲ್ಲಿ ಸ್ಲೀಪ್ ಅನ್ನು ನೆವರ್ ಮಾಡಿ. ಸ್ಕ್ರೀನ್ ಆರಿದರೆ ತೊಂದರೆಯಿಲ್ಲ, ಕಂಪ್ಯೂಟರ್ ಮಲಗಿದರೆ ಪ್ರಿಂಟರೂ ಮಲಗಿದಂತೆ.

ಲ್ಯಾಪ್‌ಟಾಪಿನ ಕಡೆ

ಇಲ್ಲಿ ಮೊದಲ ಕೆಲಸ ಡ್ರೈವರ್. 2021ರ ಆಗಸ್ಟಿನ ಅಪ್‌ಡೇಟಿನಿಂದೀಚೆಗೆ, ಇನ್ನೊಂದು ಕಂಪ್ಯೂಟರಿನಿಂದ ಡ್ರೈವರ್ ಎಳೆದುಕೊಳ್ಳಲು ವಿಂಡೋಸ್ ಅಡ್ಮಿನ್ ಅನುಮತಿ ಕೇಳುತ್ತದೆ, ಕೆಲವೊಮ್ಮೆ ಸುಮ್ಮನೆ ಕೈಕೊಡುತ್ತದೆ. ಅದಕ್ಕೆ ಪ್ರಿಂಟರನ್ನು ಒಂದೇ ಒಂದು ಸಲ ಯುಎಸ್‌ಬಿಯಿಂದ ಲ್ಯಾಪ್‌ಟಾಪಿಗೇ ಸಿಕ್ಕಿಸಿ, 64 ಬಿಟ್ ಡ್ರೈವರ್ ಹಾಕಿ, ಟೆಸ್ಟ್ ಪೇಜ್ ತೆಗೆದು, ಕೇಬಲ್ಲನ್ನು ಮತ್ತೆ ಡೆಸ್ಕ್‌ಟಾಪಿಗೆ ಹಾಕಿಬಿಡಿ. ಹತ್ತು ನಿಮಿಷದ ಈ ಕೆಲಸ ಮುಂದಿನ ಎರಡು ಗಂಟೆಯ ತಲೆನೋವು ತಪ್ಪಿಸುತ್ತದೆ. ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಆಯ್ಕೆ ಪ್ರಿಂಟರ್ ಸೆಟ್ಟಿಂಗ್ಸಿನಲ್ಲಿ ಕಂಡರೆ ಅದನ್ನು ಆನ್ ಮಾಡಬೇಡಿ, ಹಳೇ ಡ್ರೈವರುಗಳೆಲ್ಲ ಹೊರಬೀಳುತ್ತವೆ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ಲ್ಯಾಪ್‌ಟಾಪಿಗೆ ಈ ಡ್ರೈವರುಗಳು ಕೂರುವುದೇ ಇಲ್ಲ. ಅಂಥವರು ಪಿಡಿಎಫ್ ಮಾಡಿ ಡೆಸ್ಕ್‌ಟಾಪಿನ ಶೇರ್ ಫೋಲ್ಡರಿಗೆ ಹಾಕಿ, ಅಲ್ಲಿಂದ ಪ್ರಿಂಟ್ ಕೊಡುವುದೇ ಸರಿ.

ನಂತರ ಕಂಟ್ರೋಲ್ ಪ್ಯಾನೆಲಿನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗೆ ಹೊಸದೊಂದನ್ನು ಸೇರಿಸಿ. ಅಡ್ರೆಸ್ ಜಾಗಕ್ಕೆ ಡೆಸ್ಕ್‌ಟಾಪಿನ ಹೆಸರು. ಯೂಸರ್ ಜಾಗಕ್ಕೆ ಡೆಸ್ಕ್‌ಟಾಪಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಷ್, ಆಮೇಲೆ ನೀವು ಮಾಡಿದ ಯೂಸರ್ ಹೆಸರು. ಕೊನೆಗೆ ಪಾಸ್‌ವರ್ಡ್. ಇನ್ನು ವಿಂಡೋಸ್ ಕೀ ಜೊತೆ ಆರ್ ಒತ್ತಿ, ತೆರೆಯುವ ಕಿಂಡಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಡೆಸ್ಕ್‌ಟಾಪಿನ ಹೆಸರು ಟೈಪ್ ಮಾಡಿ ಎಂಟರ್ ಕೊಡಿ. ಪ್ರಿಂಟರ್ ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಕನೆಕ್ಟ್ ಒತ್ತಿ.

ಕೊನೆಯಲ್ಲಿ 11ಬಿ ಅಥವಾ 709 ಎಂದಿರುವ ಎರರ್ ನಂಬರ್ ಬರುವುದು ಇಲ್ಲೇ. 2021ರಲ್ಲಿ ಪ್ರಿಂಟಿಂಗಿನ ಭದ್ರತೆ ಬಿಗಿ ಮಾಡಿದ ಮೇಲೆ, ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿದ್ದು ಇನ್ನೊಂದು ಹಳೆಯದರಲ್ಲೇ ಉಳಿದಿದ್ದರೆ ಎರಡಕ್ಕೂ ಮಾತು ಕೂಡುವುದಿಲ್ಲ. ಎರಡಕ್ಕೂ ಅಪ್‌ಡೇಟ್ ಹಾಕಿ ನೋಡಿ. ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ಕಡತ) ಭದ್ರತೆಯನ್ನೇ ಆಫ್ ಮಾಡುವ ಉಪಾಯ ಎಲ್ಲ ಕಡೆ ಸಿಗುತ್ತದೆ. ರೈತರ ಬ್ಯಾಂಕ್ ಖಾತೆ, ಆಧಾರ್ ಪ್ರತಿ ಇರುವ ಕಂಪ್ಯೂಟರಿನಲ್ಲಿ ದಯವಿಟ್ಟು ಅದನ್ನು ಮಾಡಬೇಡಿ. ಅದಕ್ಕಿಂತ ಸುರಕ್ಷಿತ ದಾರಿ ಹೀಗಿದೆ: ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ ಪ್ರಿಂಟರ್ ಸೇರಿಸುವ ಕಡೆ ಆಡ್ ಮ್ಯಾನುಯಲಿ ಒತ್ತಿ, ಲೋಕಲ್ ಪ್ರಿಂಟರ್ ಆಯ್ಕೆ ಹಿಡಿದು, ಕ್ರಿಯೇಟ್ ಎ ನ್ಯೂ ಪೋರ್ಟ್‌ನಲ್ಲಿ ಲೋಕಲ್ ಪೋರ್ಟ್ ಆರಿಸಿ. ಪೋರ್ಟಿನ ಹೆಸರು ಕೇಳಿದಾಗ ಎರಡು ಬ್ಯಾಕ್‌ಸ್ಲ್ಯಾಷ್, ಡೆಸ್ಕ್‌ಟಾಪಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಷ್, ಪ್ರಿಂಟರಿನ ಶೇರ್ ಹೆಸರು ಹೀಗೆ ಸಾಲಾಗಿ, ಎಲ್ಲೂ ಜಾಗ ಬಿಡದೆ ಕೊಡಿ. ಡ್ರೈವರ್ ಪಟ್ಟಿಯಲ್ಲಿ ಆಗಲೇ ಹಾಕಿಟ್ಟ ಡ್ರೈವರನ್ನೇ ಹಿಡಿಯಿರಿ. ಕನೆಕ್ಟ್ ಒತ್ತಿದಾಗ ಒಪ್ಪದ ಜೋಡಿಗಳು ಹೆಚ್ಚಿನ ಸಲ ಈ ದಾರಿಯಲ್ಲಿ ಒಪ್ಪುತ್ತವೆ.

ಕೊನೆಯಲ್ಲಿ ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್ ಎಂಬುದನ್ನು ಆಫ್ ಮಾಡಿ, ಈ ಪ್ರಿಂಟರನ್ನೇ ಡಿಫಾಲ್ಟ್ ಮಾಡಿ. ಯುಎಸ್‌ಬಿಯಿಂದ ಹಾಕಿದಾಗ ಉಳಿದ ಅದೇ ಹೆಸರಿನ ಹಳೇ ಪ್ರಿಂಟರನ್ನು ಲ್ಯಾಪ್‌ಟಾಪಿನ ಪಟ್ಟಿಯಿಂದ ತೆಗೆದುಹಾಕಿ. ಬಿಟ್ಟರೆ ಯಾರಾದರೂ ಅದಕ್ಕೇ ಪ್ರಿಂಟ್ ಕೊಟ್ಟು 'ಆಫ್‌ಲೈನ್' ಎಂದು ಕೂರುತ್ತಾರೆ.

ಲ್ಯಾನ್ ಪೋರ್ಟ್ ಅಥವಾ ಹಳೇ ವೈಫೈ ಇದ್ದರೆ

ಮಾಡೆಲ್ ಹೆಸರಿನ ಕೊನೆಗೆ ಎನ್ ಅಕ್ಷರವಿದ್ದರೆ, ಉದಾಹರಣೆಗೆ ಲೇಸರ್‌ಜೆಟ್ 1022ಎನ್ ಅಥವಾ ಪಿ2055ಡಿಎನ್, ನಿಮ್ಮ ಅದೃಷ್ಟ ಚೆನ್ನಾಗಿದೆ. ಹಿಂದೆ ಲ್ಯಾನ್ ಪೋರ್ಟ್ ಇರುತ್ತದೆ, ಕೇಬಲ್ಲಿನಿಂದ ರೂಟರಿಗೆ ಸಿಕ್ಕಿಸಿದರೆ ಸಾಕು, ನಡುವೆ ಡೆಸ್ಕ್‌ಟಾಪ್ ಬೇಡ. ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್‌ಗೆ (ಸಾಧನದ ಗುರುತಿನ ಸಂಖ್ಯೆ) 192.168.1.50 ಎಂಬಂಥ ಒಂದು ಐಪಿಯನ್ನು ಕಟ್ಟಿಹಾಕಿ. ಲ್ಯಾಪ್‌ಟಾಪಿನಲ್ಲಿ ಐಪಿ ಅಡ್ರೆಸ್ ಮೂಲಕ ಸೇರಿಸುವ ಆಯ್ಕೆ ಹಿಡಿದು, ಡಿವೈಸ್ ಟೈಪ್ ಟಿಸಿಪಿ/ಐಪಿ ಇಟ್ಟು ಆ ನಂಬರ್ ಕೊಡಿ. ವಿಂಡೋಸ್ ತಾನಾಗಿ ಹುಡುಕಿ ಸೇರಿಸಿದ ಡಬ್ಲ್ಯುಎಸ್‌ಡಿ ಪೋರ್ಟಿನ ಗೋಜು ಬೇಡ, ಅದು ಕರೆಂಟ್ ಹೋಗಿ ಬಂದಾಗ ದಾರಿ ತಪ್ಪುತ್ತದೆ. ಪ್ರಿಂಟರ್ ಸರಿಯಿದ್ದೂ ಆಫ್‌ಲೈನ್ ಎಂದೇ ತೋರಿಸುತ್ತಿದ್ದರೆ ಪೋರ್ಟ್ಸ್ ಟ್ಯಾಬಿನ ಕಾನ್ಫಿಗರ್ ಪೋರ್ಟ್ ಒಳಗೆ ಎಸ್‌ಎನ್‌ಎಂಪಿ ಸ್ಟೇಟಸ್‌ನ ಟಿಕ್ ತೆಗೆಯಿರಿ.

ವೈಫೈ ಇರುವ ಹಳೇ ಇಂಕ್‌ಜೆಟ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲವು, ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತಾ ಪದ್ಧತಿ ಅವಕ್ಕೆ ಗೊತ್ತಿಲ್ಲ. ಹೊಸ ಫೈಬರ್ ರೂಟರ್ ಬಂದ ದಿನವೇ ಪ್ರಿಂಟರ್ ನಿಂತರೆ ರೂಟರಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು, ಭದ್ರತೆಯನ್ನು ಡಬ್ಲ್ಯುಪಿಎ2 ಮಾಡಿ. ಗೆಸ್ಟ್ ವೈಫೈಗೆ ಮಾತ್ರ ಸೇರಿಸಬೇಡಿ. ಅಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ರೂಟರೇ ತಡೆಯುತ್ತದೆ.

ಮಂಡಿಯ ಗೋಡೆ, ಕ್ರೇಟು, ಕರೆಂಟು

ಕಲ್ಲು ಚಪ್ಪಡಿಯ ಗೋಡೆ, ತಗಡಿನ ಛಾವಣಿ, ರೋಲಿಂಗ್ ಶಟರ್ ಇವೆಲ್ಲ ವೈಫೈಗೆ ಶತ್ರುಗಳು. ಅವಕ್ಕಿಂತ ಮೋಸದ್ದು ಟೊಮೆಟೊ: ಹಣ್ಣಿನ ತುಂಬ ನೀರು, ನೀರು ಈ ಅಲೆಗಳನ್ನು ಹೀರುತ್ತದೆ. ಬೆಳಿಗ್ಗೆ ಖಾಲಿ ಅಂಕಣದಲ್ಲಿ ಚೆನ್ನಾಗಿ ನಡೆದ ಪ್ರಿಂಟ್, ಆಳೆತ್ತರ ಕ್ರೇಟು ಪೇರಿಸಿದ ಮೇಲೆ ನಿಲ್ಲುವುದು ಇದರಿಂದ. ರೂಟರನ್ನು ಮೇಜಿನ ಕೆಳಗಿಂದ ತೆಗೆದು ಕ್ರೇಟಿನ ಸಾಲಿಗಿಂತ ಮೇಲೆ, ಏಳೆಂಟು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ. ಅಕ್ಕಪಕ್ಕದ ಮಂಡಿಗಳ ರೂಟರುಗಳೂ ಒತ್ತೊತ್ತಾಗಿರುವುದರಿಂದ ಚಾನೆಲ್ಲನ್ನು 1, 6, 11 ಈ ಮೂರರಲ್ಲಿ ಖಾಲಿ ಇರುವುದಕ್ಕೆ ಕೈಯಾರೆ ಇಡಿ.

ಯುಪಿಎಸ್‌ಗೆ ಡೆಸ್ಕ್‌ಟಾಪು, ರೂಟರು ಇರಲಿ. ಲೇಸರ್ ಪ್ರಿಂಟರನ್ನು ಅದಕ್ಕೆ ಹಾಕಬೇಡಿ: ಟೋನರ್ ಕರಗಿಸುವ ಹೀಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ 600 ವಿಎ ಯುಪಿಎಸ್ ಕುಸಿದು ಕಂಪ್ಯೂಟರೂ ಆರಿಹೋಗುತ್ತದೆ. ಪ್ರಿಂಟರ್ ನೇರ ಗೋಡೆಯ ಸಾಕೆಟ್ಟಿಗಿರಲಿ.

ಇದರಿಂದ ಆಗುವುದೇನೆಂದರೆ, ಕರೆಂಟ್ ಹೋದಾಗ ಪ್ರಿಂಟರ್ ನಿಲ್ಲುತ್ತದೆ, ಕ್ಯೂ (ಪ್ರಿಂಟಿಗೆ ಕಾದಿರುವ ಕೆಲಸಗಳ ಸಾಲು) ನಿಲ್ಲುವುದಿಲ್ಲ. ಕಾಗದ ಬರಲಿಲ್ಲವೆಂದು ನಾಲ್ಕು ಸಲ ಪ್ರಿಂಟ್ ಒತ್ತಿದ್ದರೆ ಕರೆಂಟ್ ಬಂದ ಕೂಡಲೇ ಒಂದೇ ಬಿಲ್ಲು ನಾಲ್ಕು ಸಲ ಬರುತ್ತದೆ. ಮಂಡಿಯಲ್ಲಿ ಒಂದೇ ಲಾಟಿಗೆ ಎರಡು ಬಿಲ್ಲು ಎಂದರೆ ಲೆಕ್ಕದ ಜಗಳ. ಕ್ಯೂ ಸಿಕ್ಕಿಕೊಂಡು ಕ್ಯಾನ್ಸಲ್ಲಿಗೂ ಜಗ್ಗದಿದ್ದರೆ ಡೆಸ್ಕ್‌ಟಾಪಿನ ಸರ್ವೀಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಅನ್ನು ಸ್ಟಾಪ್ ಮಾಡಿ. ಸಿ ಡ್ರೈವಿನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರಿನ ಒಳಗಿನ ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರನ್ನಲ್ಲ. ಸ್ಪೂಲರ್ ಸ್ಟಾರ್ಟ್ ಮಾಡಿ, ಪ್ರಿಂಟರನ್ನು ಒಮ್ಮೆ ಆರಿಸಿ ಹಾಕಿ. ಲ್ಯಾಪ್‌ಟಾಪಿನ ಕ್ಯೂ ಕಿಂಡಿಯಲ್ಲೂ ಏನಾದರೂ ಉಳಿದಿದೆಯೇ ನೋಡಿ ತೆಗೆಯಿರಿ, ಆಮೇಲೆ ಬೇಕಾದ ಬಿಲ್ಲನ್ನು ಒಂದು ಸಲ ಮಾತ್ರ ಕೊಡಿ.